ಕಡಲಲ್ಲಿ ಸತ್ತವರಿಗೆ ಗಾಳಿ ಹೊಣೆಯಲ್ಲ

2021ರ ಮೇ 17ರ ಸಂಜೆ ಮುಂಬೈಗೆ ಪಶ್ಚಿಮದ ಕಡಲಲ್ಲಿ, ಒಎನ್‌ಜಿಸಿಯ ತೈಲಕ್ಷೇತ್ರದಲ್ಲಿ, ಪಿ-305 ಎಂಬ ಬಾರ್ಜ್ ಮುಳುಗಿತು. ಅದು ಸರಕು ಸಾಗಿಸುವ ಬಾರ್ಜ್ ಆಗಿರಲಿಲ್ಲ, ತೈಲ ಪ್ಲಾಟ್‌ಫಾರ್ಮ್‌ಗಳಲ್ಲಿ ದುಡಿಯುವವರು ಉಂಡು ಮಲಗುವ ತೇಲುಮನೆ. ಅದಕ್ಕೆ ಸ್ವಂತ ಎಂಜಿನ್ ಇರಲಿಲ್ಲ. ಟಗ್ ಬಂದು ಎಳೆದರಷ್ಟೇ ಅದು ಜಾಗ ಬಿಟ್ಟು ಕದಲುವುದು. ತೌಕ್ತೆ ಚಂಡಮಾರುತ ಬಂದಾಗ ಅದರ ಲಂಗರುಗಳು ಕಿತ್ತುಹೋದವು. ಹಿಡಿತ ತಪ್ಪಿದ ಬಾರ್ಜ್ ತೇಲುತ್ತಾ ಹೋಗಿ ಜನರಿಲ್ಲದ ಒಂದು ಪ್ಲಾಟ್‌ಫಾರ್ಮ್‌ಗೆ ಬಡಿಯಿತು, ನೀರು ಒಳನುಗ್ಗಿತು. ಮೇಲಿದ್ದ 261 ಜನ ಲೈಫ್ ಜಾಕೆಟ್ ಕಟ್ಟಿಕೊಂಡು ಅಲೆಗಳಿಗೆ ಹಾರಿದರು. ನೌಕಾಪಡೆಯವರು 186 ಜನರನ್ನು ಎತ್ತಿದರು, 75 ಜನ ಹೋದರು. ಅದೇ ಗಾಳಿಗೆ ಸಿಕ್ಕ ವರಪ್ರದ ಎಂಬ ಟಗ್‌ನಲ್ಲಿ 13 ಜನರ ಪೈಕಿ ಉಳಿದವರು ಇಬ್ಬರೇ. ಎರಡೂ ಸೇರಿ 86 ಸಾವು.

ಹೆಣಗಳು ದಡಕ್ಕೆ ಬರುತ್ತಿರುವಾಗಲೇ ಎರಡು ಮಾತು ಹಬ್ಬಿದವು. ಇಂಥ ಚಂಡಮಾರುತದ ಮುಂದೆ ಮನುಷ್ಯನದೇನು ನಡೆಯುತ್ತದೆ ಎಂಬುದು ಒಂದು. ಬಾರ್ಜ್‌ನ ಕ್ಯಾಪ್ಟನ್ ಗಾಳಿಯ ಜೋರನ್ನು ತಪ್ಪಾಗಿ ಅಂದಾಜು ಮಾಡಿದ ಎಂಬುದು ಇನ್ನೊಂದು. ಮುಂಬೈ ಪೊಲೀಸರು ಕ್ಯಾಪ್ಟನ್ ಮೇಲೆ ಕೇಸು ದಾಖಲಿಸಿದರು. ಆ ಹೊತ್ತಿಗೆ ಅವರೇ ಕಡಲಲ್ಲಿ ಕಾಣೆಯಾಗಿದ್ದರು.

ಪ್ರಕೃತಿ ವಿಕೋಪ ಮತ್ತು ಮಾನವ ದೋಷ. ಕಡಲ ತೈಲದ ದುರಂತಗಳ ಬಗ್ಗೆ ಜಗತ್ತು ಐವತ್ತು ವರ್ಷಗಳಿಂದ ಈ ಎರಡು ಮಾತನ್ನೇ ಹೇಳುತ್ತಿದೆ. ಓದಿದವರು, ಪತ್ರಿಕೆಯವರು, ಮಂತ್ರಿಗಳು, ಎಂಜಿನಿಯರುಗಳು ಎಲ್ಲರೂ ಹೇಳುತ್ತಾರೆ. ಕೇಳುವುದಕ್ಕೆ ವಿವೇಕದ ಮಾತಿನಂತಿದೆ. ಈ ದುರಂತಗಳ ತನಿಖೆಗಳು ತೆರೆದಿಟ್ಟ ಸಂಗತಿಗಳನ್ನು ಓದಿಕೊಂಡವನಾಗಿ ನನಗೆ ಖಚಿತವಾಗಿರುವುದು ಇಷ್ಟು: ಈ ಎರಡೂ ಮಾತು ಸುಳ್ಳು, ಮತ್ತು ಮುಂದಿನ ದುರಂತಕ್ಕೆ ದಾರಿ ಮಾಡಿಕೊಡುವ ಸುಳ್ಳು.

ಮೊದಲು ಗಾಳಿಯ ಮಾತು. ತೌಕ್ತೆ ಯಾರಿಗೂ ಹೇಳದೆ ಬಂದ ಗಾಳಿಯಲ್ಲ. ಅರಬ್ಬಿ ಸಮುದ್ರದಲ್ಲಿ ಅದು ರೂಪುಗೊಳ್ಳುವ ಮೊದಲೇ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು, ದಿನದಿನಕ್ಕೂ ದಾರಿ ಗುರುತಿಸಿ ಹೇಳುತ್ತಿತ್ತು. ಕೇರಳ, ಕರ್ನಾಟಕ, ಗೋವೆಯ ಪಕ್ಕದಲ್ಲಿ ಸಾಗಿ ಮುಂಬೈ ದಾಟಿ ಗುಜರಾತಿಗೆ ಹೋದ ಗಾಳಿ ಅದು. ಮುಂಬೈ ಕಡಲಿಗೆ ಮುಟ್ಟುವ ಎರಡು ದಿನ ಮೊದಲೇ ನಮ್ಮ ಕರಾವಳಿಯನ್ನು ಬಡಿದಿತ್ತು. ಮಲ್ಪೆಯ ಮೀನುಗಾರನಿಗೆ ಸುರಕ್ಷತಾ ವಿಭಾಗವಿಲ್ಲ, ಉಪಗ್ರಹ ಚಿತ್ರ ನೋಡುವ ಕಂಟ್ರೋಲ್ ರೂಮ್ ಇಲ್ಲ. ಕಡಲಿಗಿಳಿಯಬೇಡಿ ಎಂಬ ಸೂಚನೆ ಬಂದಾಗ ಅವನು ದೋಣಿಯನ್ನು ದಕ್ಕೆಗೆ ಕಟ್ಟಿ, ಬಲೆ ಮಡಚಿಟ್ಟು, ಆ ದಿನದ ಕೂಲಿ ಹೋಯಿತೆಂದುಕೊಂಡು ಮನೆಗೆ ಹೋಗುತ್ತಾನೆ. ದೇಶದಲ್ಲಿ ಅತಿ ಹೆಚ್ಚು ತೈಲ ತೆಗೆಯುವ ಕಂಪನಿಯ ಕೆಲಸಕ್ಕೆ ನಿಂತಿದ್ದ, ಎಂಜಿನ್ ಇಲ್ಲದ, 261 ಜನರಿದ್ದ ಬಾರ್ಜ್ ಮಾತ್ರ ಕಡಲಲ್ಲೇ ಉಳಿಯಿತು. ಈ ವ್ಯತ್ಯಾಸಕ್ಕೆ ಗಾಳಿ ಕಾರಣವಾಗಲು ಹೇಗೆ ಸಾಧ್ಯ?

ನಮ್ಮದೇ ಕಡಲಿನ ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಮಂಗಳೂರಿನ ಎಂಆರ್‌ಪಿಎಲ್‌ಗೆ ಕಚ್ಚಾತೈಲ ತರುವ ದೊಡ್ಡ ಹಡಗುಗಳು ನಡುಗಡಲಲ್ಲೇ ನಿಂತು ತೈಲ ಇಳಿಸುವ ಒಂದು ವ್ಯವಸ್ಥೆಯಿದೆ. ಆ ಕೆಲಸಕ್ಕಿದ್ದ ಅಲಯನ್ಸ್ ಎಂಬ ಟಗ್ ಅದೇ ಚಂಡಮಾರುತದಲ್ಲಿ ಮಗುಚಿತು. ಮೂವರು ಈಜಿ ದಡ ಸೇರಿದರು, ಅವರ ಜೊತೆಗಾರರು ಬರಲಿಲ್ಲ. ಕೋರಮಂಡಲ್ ಸಪೋರ್ಟರ್ ಎಂಬ ಇನ್ನೊಂದು ಟಗ್ ಮೂಲ್ಕಿ ಕಡಲಿನ ಬಂಡೆಗಳಿಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಜನರನ್ನು ಮೇ 17ರಂದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಪಾರುಮಾಡಿದರು. ನಾವೆಲ್ಲ ಟಿವಿಯಲ್ಲಿ ಆ ಹೆಲಿಕಾಪ್ಟರ್ ನೋಡಿ ಚಪ್ಪಾಳೆ ತಟ್ಟಿದೆವು. ಮೀನುಗಾರರು ದಡದಲ್ಲಿ ನಿಂತಿದ್ದ ಹೊತ್ತಿನಲ್ಲಿ ಆ ಟಗ್‌ಗಳು ಕಡಲಲ್ಲಿ ಏಕಿದ್ದವು ಎಂದು ಕೇಳಿದವರು ಕಡಿಮೆ.

ಇನ್ನು ಮಾನವ ದೋಷ. ಈ ಮಾತನ್ನು ಪರೀಕ್ಷಿಸಲು ಪೈಪರ್ ಆಲ್ಫಾಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಿಂದ ಈಶಾನ್ಯಕ್ಕೆ ಉತ್ತರ ಸಮುದ್ರದಲ್ಲಿದ್ದ ಆಕ್ಸಿಡೆಂಟಲ್ ಕಂಪನಿಯ ತೈಲ ಪ್ಲಾಟ್‌ಫಾರ್ಮ್ ಅದು. 1988ರ ಜುಲೈ 6ರ ರಾತ್ರಿ ಅಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡೋಣ. ಅನಿಲದ್ರವವನ್ನು ಒತ್ತುವ ಎರಡು ಪಂಪ್‌ಗಳಿದ್ದವು, ಎ ಮತ್ತು ಬಿ. ಹಗಲಿನ ಶಿಫ್ಟ್‌ನವರು ಎ ಪಂಪ್‌ನ ಒತ್ತಡ ತಡೆಯುವ ವಾಲ್ವ್ ಬಿಚ್ಚಿ ರಿಪೇರಿಗೆ ಒಯ್ದರು. ಸಂಜೆ ಆರರೊಳಗೆ ಕೆಲಸ ಮುಗಿಯಲಿಲ್ಲ. ತೆರೆದ ಬಾಯಿಗೆ ಒಂದು ಲೋಹದ ತಟ್ಟೆ ಮುಚ್ಚಿ, ಈ ಪಂಪ್ ಚಾಲೂ ಮಾಡಬಾರದು ಎಂಬ ಪರ್ಮಿಟ್ ಚೀಟಿಯನ್ನು ಕಂಟ್ರೋಲ್ ರೂಮಿನಲ್ಲಿ ಇಟ್ಟುಹೋದರು. ಅದನ್ನು ಯಾರ ಕೈಗೆ ಕೊಟ್ಟು ಬಾಯಲ್ಲಿ ಹೇಳಬೇಕಿತ್ತೋ ಅವರು ಆಗ ಬೇರೆ ಕೆಲಸದಲ್ಲಿದ್ದರು. ರಾತ್ರಿ ಹತ್ತಕ್ಕೆ ಸ್ವಲ್ಪ ಮೊದಲು ಬಿ ಪಂಪ್ ನಿಂತಿತು, ಮತ್ತೆ ಹತ್ತಲಿಲ್ಲ. ಪಂಪ್ ನಿಂತರೆ ಕೊನೆಗೆ ಇಡೀ ಪ್ಲಾಟ್‌ಫಾರ್ಮ್‌ನ ವಿದ್ಯುತ್ತೇ ಹೋಗುತ್ತದೆ. ರಾತ್ರಿ ಶಿಫ್ಟ್‌ನವರು ಕಾಗದ ಹುಡುಕಿದರು. ಎ ಪಂಪ್‌ಗೆ ದೊಡ್ಡ ರಿಪೇರಿ ಇನ್ನೂ ಶುರುವಾಗಿಲ್ಲ ಎಂಬ ಚೀಟಿ ಸಿಕ್ಕಿತು. ವಾಲ್ವ್ ಬಿಚ್ಚಿದೆ ಎಂಬ ಚೀಟಿ ಸಿಗಲಿಲ್ಲ. ಅವರು ಎ ಪಂಪ್ ಚಾಲೂ ಮಾಡಿದರು. ತಟ್ಟೆಯ ಅಂಚಿನಿಂದ ಅನಿಲ ನುಗ್ಗಿತು, ಹತ್ತು ಗಂಟೆಗೆ ಸ್ಫೋಟವಾಯಿತು.

ಇಲ್ಲಿಗೆ ನಿಲ್ಲಿಸಿದರೆ ಅದು ಚೀಟಿ ಇಟ್ಟುಹೋದ ಒಬ್ಬನ ತಪ್ಪು. ಆದರೆ ಹಿಂದಿನ ವರ್ಷ, 1987ರ ಸೆಪ್ಟೆಂಬರಿನಲ್ಲಿ, ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಒಬ್ಬ ಕಾರ್ಮಿಕ ಸತ್ತಿದ್ದ. ಆಗಲೂ ಪರ್ಮಿಟ್ ಪದ್ಧತಿ ಮತ್ತು ಶಿಫ್ಟ್ ಬದಲಾಗುವಾಗಿನ ಮಾಹಿತಿಯಲ್ಲೇ ಲೋಪ ಕಂಡಿತ್ತು, ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತ್ತು. ಪದ್ಧತಿ ಬದಲಾಗಲಿಲ್ಲ. ಅನಿಲ ಒತ್ತುವ ಯಂತ್ರಗಳನ್ನು ಆಮೇಲೆ ತಂದು ಕಂಟ್ರೋಲ್ ರೂಮಿನ ಪಕ್ಕದಲ್ಲೇ ಕೂರಿಸಿದ್ದರು. ನಡುವಿನ ಗೋಡೆಗಳು ಬೆಂಕಿ ತಡೆಯುವುದಕ್ಕೆ ಕಟ್ಟಿದವು, ಸ್ಫೋಟ ತಡೆಯುವುದಕ್ಕಲ್ಲ. ಡೈವರ್‌ಗಳು ನೀರಿಗಿಳಿಯುತ್ತಾರೆ, ಪಂಪ್ ಅವರನ್ನು ಎಳೆದುಕೊಳ್ಳಬಹುದು ಎಂಬ ಕಾರಣಕ್ಕೆ ಬೆಂಕಿ ಆರಿಸುವ ಪಂಪ್‌ಗಳನ್ನು ಕೈಯಿಂದಲೇ ಚಾಲೂ ಮಾಡುವಂತೆ ಇಟ್ಟಿದ್ದರು. ಬೆಂಕಿ ಬಿದ್ದಾಗ ಅಲ್ಲಿಗೆ ಹೋಗಲು ಯಾರಿಗೂ ಆಗಲಿಲ್ಲ. ಅದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಕ್ಲೇಮೋರ್ ಮತ್ತು ಟಾರ್ಟನ್ ಎಂಬ ಪಕ್ಕದ ಎರಡು ಪ್ಲಾಟ್‌ಫಾರ್ಮ್‌ಗಳು ದೂರದಲ್ಲಿ ಪೈಪರ್ ಉರಿಯುತ್ತಿದ್ದಾಗಲೂ ಪೈಪ್‌ಲೈನ್‌ಗೆ ತೈಲ, ಅನಿಲ ತಳ್ಳುವುದನ್ನು ತಕ್ಷಣ ನಿಲ್ಲಿಸಲಿಲ್ಲ. ಮೇಲಿನವರನ್ನು ಕೇಳದೆ ಉತ್ಪಾದನೆ ನಿಲ್ಲಿಸುವ ಧೈರ್ಯ ಅಲ್ಲಿನ ಮ್ಯಾನೇಜರುಗಳಿಗೆ ಇರಲಿಲ್ಲ. ಹತ್ತೂ ಇಪ್ಪತ್ತಕ್ಕೆ ಟಾರ್ಟನ್ ಕಡೆಯಿಂದ ಬರುವ ಅನಿಲದ ಪೈಪ್ ಒಡೆಯಿತು. ಆಮೇಲೆ ಪೈಪರ್ ಉಳಿಯುವ ಮಾತಿರಲಿಲ್ಲ.

ಸತ್ತವರು 167. ಅದರಲ್ಲಿ ಇಬ್ಬರು ಕಾಪಾಡಲು ಬಂದ ಚಿಕ್ಕ ದೋಣಿಯವರು. ಬಹಳಷ್ಟು ಜನ ತರಬೇತಿಯಲ್ಲಿ ಕಲಿಸಿದಂತೆ ವಸತಿ ಕಟ್ಟಡದಲ್ಲಿ ಸೇರಿ ಹೆಲಿಕಾಪ್ಟರಿಗೆ ಕಾದು ಹೊಗೆಗೆ ಉಸಿರುಕಟ್ಟಿ ಸತ್ತರು. ಉಳಿದ 61 ಜನರಲ್ಲಿ ಅನೇಕರು ಕಲಿಸಿದ್ದನ್ನು ಬಿಟ್ಟು ಕಡಲಿಗೆ ಹಾರಿದವರು. ಹೇಳಿದ ಮಾತು ಕೇಳಿದವರು ಸಾಯುವಂತೆ ಒಂದು ವ್ಯವಸ್ಥೆ ಕಟ್ಟಿದ್ದರೆ ಅಲ್ಲಿ ಮಾನವ ದೋಷ ಎಂಬುದಕ್ಕೆ ಏನು ಅರ್ಥ? ಲಾರ್ಡ್ ಕಲನ್ ಈ ದುರಂತದ ವಿಚಾರಣೆ ನಡೆಸಿ 1990ರಲ್ಲಿ 106 ಶಿಫಾರಸುಗಳ ವರದಿ ಕೊಟ್ಟರು. ಬೆರಳು ತೋರಿಸಲು ಒಬ್ಬ ಮೆಕ್ಯಾನಿಕ್ ಅವರಿಗೆ ಸುಲಭವಾಗಿ ಸಿಗುತ್ತಿದ್ದ. ಅವರು ಕಂಪನಿಯ ನಿರ್ವಹಣೆಯನ್ನೂ ಸರ್ಕಾರದ ತಪಾಸಣೆಯನ್ನೂ ದೋಷಿ ಎಂದರು. ಆದರೂ ಆ 167 ಸಾವಿಗೆ ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ.

ಅದೆಲ್ಲ ಹಳೆಯ ಕಾಲ, ಈಗ ತಂತ್ರಜ್ಞಾನ ಬೆಳೆದಿದೆ, ಕಂಪನಿಗಳು ಸುರಕ್ಷತೆಯ ಲೆಕ್ಕ ಇಡುತ್ತವೆ ಎನ್ನುವವರಿದ್ದಾರೆ. ಆ ಲೆಕ್ಕದ ಕಥೆಯನ್ನೂ ಹೇಳಬೇಕು. 2010ರ ಏಪ್ರಿಲ್ 20ರಂದು ಅಮೆರಿಕದ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಝನ್ ಎಂಬ, ತೈಲಬಾವಿ ಕೊರೆಯುವ ರಿಗ್ ಸ್ಫೋಟಗೊಂಡಿತು. ಅಂದು ಬಿಪಿ ಮತ್ತು ಟ್ರಾನ್ಸೋಶನ್ ಕಂಪನಿಗಳ ಹಿರಿಯ ಅಧಿಕಾರಿಗಳು ಆ ರಿಗ್‌ಗೇ ಬಂದಿದ್ದರು. ಏಳು ವರ್ಷ ಯಾರೂ ಗಾಯಗೊಂಡು ಕೆಲಸ ತಪ್ಪಿಸಿಲ್ಲ ಎಂಬ ದಾಖಲೆಗೆ ಅಲ್ಲಿನವರನ್ನು ಅಭಿನಂದಿಸುವುದೂ ಆ ಭೇಟಿಯಲ್ಲಿ ಸೇರಿತ್ತು. ಅದೇ ರಾತ್ರಿ 11 ಜನ ಸತ್ತರು. ಬಾವಿ 87 ದಿನ ಕಡಲಿಗೆ ತೈಲ ಉಗುಳಿತು.

ಈ ದಾಖಲೆ ಸುಳ್ಳಾಗಿರಲಿಲ್ಲ. ಜಾರಿ ಬಿದ್ದವರು, ಬೆರಳು ಜಜ್ಜಿಕೊಂಡವರು ಎಷ್ಟು ಎಂದು ಎಣಿಸಿದ್ದರು, ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿದುಕೊಳ್ಳಿ ಎಂದು ಹೇಳಿದ್ದರು. ಬಾವಿಯೊಳಗಿನ ಅನಿಲ ಮೇಲೇಳದಂತೆ ತಡೆಯುವ ಸಿಮೆಂಟ್ ಗಟ್ಟಿಯಾಗಿದೆಯೇ ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಆ ಸಿಮೆಂಟನ್ನು ಪರೀಕ್ಷಿಸಲು ಕರೆಸಿದ್ದ ತಂಡವನ್ನು ಅದೇ ದಿನ ಬೆಳಿಗ್ಗೆ ಪರೀಕ್ಷೆ ಮಾಡಿಸದೆ ದಡಕ್ಕೆ ವಾಪಸು ಕಳಿಸಿದ್ದರು. ಕೊಳವೆಯನ್ನು ಬಾವಿಯ ನಡುಮಧ್ಯೆ ಹಿಡಿಯುವ ಬಳೆಗಳು 21 ಬೇಕೆಂದು ಲೆಕ್ಕ ಬಂದಿತ್ತು, ಹಾಕಿದ್ದು 6. ಬಾವಿ ಬಿಗಿಯಾಗಿದೆಯೇ ಎಂಬ ಒತ್ತಡ ಪರೀಕ್ಷೆಯಲ್ಲಿ ಕೊಳವೆಯ ಒತ್ತಡ ಇಳಿಯದೆ ನಿಂತಿತು. ಅದು ಅಪಾಯದ ಗುರುತು. ಅದಕ್ಕೊಂದು ಸಮಜಾಯಿಷಿ ಕಂಡುಕೊಂಡು ಪರೀಕ್ಷೆ ಪಾಸು ಎಂದು ಬರೆದರು. ಕಡೆಯ ಕಾವಲಾಗಿ ಕಡಲ ತಳದಲ್ಲಿದ್ದ, ಕೊಳವೆ ಕತ್ತರಿಸಿ ಬಾವಿ ಮುಚ್ಚಬೇಕಾದ ಭಾರಿ ಯಂತ್ರದಲ್ಲಿ ತಂತಿಯ ಜೋಡಣೆ ತಪ್ಪಿತ್ತು, ಬ್ಯಾಟರಿ ಕುಂದಿತ್ತು. ಬಾವಿಯ ಕೆಲಸ ವಾರಗಟ್ಟಲೆ ತಡವಾಗಿತ್ತು. ರಿಗ್ ನಿಂತಲ್ಲಿ ನಿಂತರೆ ದಿನಕ್ಕೆ ಸುಮಾರು 10 ಲಕ್ಷ ಡಾಲರ್ ಖರ್ಚು. ಇಷ್ಟೂ ನಿರ್ಧಾರಗಳಲ್ಲಿ ಒಂದೊಂದೂ ಒಂದಷ್ಟು ಗಂಟೆಗಳನ್ನು ಉಳಿಸಿದವು.

ಮರುವರ್ಷ ಟ್ರಾನ್ಸೋಶನ್ ಕಂಪನಿ 2010 ತನ್ನ ಇತಿಹಾಸದಲ್ಲೇ ಸುರಕ್ಷತೆಯ ದೃಷ್ಟಿಯಿಂದ ಅತ್ಯುತ್ತಮ ವರ್ಷ ಎಂದು ಬರೆದು ಹಿರಿಯ ಅಧಿಕಾರಿಗಳಿಗೆ ಬೋನಸ್ ಕೊಟ್ಟಿತು. ಜನ ಛೀಮಾರಿ ಹಾಕಿದ ಮೇಲೆ ಅಧಿಕಾರಿಗಳು ಆ ಹಣವನ್ನು ಸತ್ತವರ ಕುಟುಂಬಗಳ ನಿಧಿಗೆ ಬಿಟ್ಟುಕೊಟ್ಟರು. ಸುರಕ್ಷತೆಯ ಅಂಕಿ ಅಂಶ ತೋರಿಸಿ ನಮ್ಮ ಬಾಯಿ ಮುಚ್ಚಿಸಲು ಬರುವವರಿಗೆ ನನ್ನ ಉತ್ತರ ಈ ಬೋನಸ್.

ಆಮೇಲೆ ಜೈಲಿಗೆ ಹೋದವರು ಯಾರು? ಯಾರೂ ಇಲ್ಲ. ಬಿಪಿ ಕಂಪನಿ 11 ಸಾವುಗಳಿಗೆ ತಪ್ಪೊಪ್ಪಿಕೊಂಡು ದಂಡ ಕಟ್ಟಿತು, 2015ರಲ್ಲಿ 2,000 ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ಸಾವುಗಳಿಗೆ ಹೊಣೆ ಎಂದು ಆರೋಪ ಹೊತ್ತ ವ್ಯಕ್ತಿಗಳು ಇಬ್ಬರು, ರಿಗ್ ಮೇಲೆ ಬಾವಿಯ ಉಸ್ತುವಾರಿ ನೋಡುತ್ತಿದ್ದ ಇಬ್ಬರು ನೌಕರರು. ಆ ಆರೋಪವನ್ನೂ ಕೊನೆಗೆ ಕೈಬಿಡಲಾಯಿತು. ಮಾನವ ದೋಷ ಎಂಬ ಮಾತಿನಲ್ಲಿ ಬರುವ ಮಾನವ ಯಾವಾಗಲೂ ಕೆಳಗಿನವನು. ವಾಲ್ವ್ ತಿರುಗಿಸಿದವನು, ಚೀಟಿ ಬರೆದವನು, ಬಾರ್ಜ್ ನಡೆಸಿದವನು. ಬಜೆಟ್ ಕತ್ತರಿಸಿದ ಮಾನವ, ಗಡುವು ವಿಧಿಸಿದ ಮಾನವ, ಎಚ್ಚರಿಕೆಯ ಪತ್ರವನ್ನು ಫೈಲಿನಲ್ಲಿಟ್ಟ ಮಾನವ ಆ ಪದದೊಳಗೆ ಬರುವುದೇ ಇಲ್ಲ.

ನಮ್ಮ ಮುಂಬೈ ಹೈಗೆ ಬರೋಣ. 1974ರಲ್ಲಿ ಸಾಗರ್ ಸಮ್ರಾಟ್ ರಿಗ್ ಅಲ್ಲಿ ತೈಲ ಕಂಡುಹಿಡಿದದ್ದು ದೇಶಕ್ಕೆ ಹೆಮ್ಮೆಯ ವಿಷಯ, ನನಗೂ ಹೆಮ್ಮೆಯೇ. 2005ರ ಜುಲೈ 27ರಂದು ಅದೇ ಕ್ಷೇತ್ರದಲ್ಲಿ ಮುಂಬೈ ಹೈ ಉತ್ತರ ಪ್ಲಾಟ್‌ಫಾರ್ಮ್ ಸುಮಾರು ಎರಡು ಗಂಟೆಯಲ್ಲಿ ಉರಿದು ಕಡಲಿಗೆ ಕುಸಿಯಿತು. ಶುರುವಾದದ್ದು ಒಬ್ಬ ಅಡುಗೆಯವನ ಬೆರಳಿನ ಗಾಯದಿಂದ. ಸಮುದ್ರ ಸುರಕ್ಷಾ ಎಂಬ ಹಡಗಿನಲ್ಲಿ ಅಡುಗೆಯವನ ಬೆರಳು ಕತ್ತರಿಸಿತು. ಹಿಂದಿನ ದಿನವಷ್ಟೇ ಮುಂಬೈಯ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಿತ್ತು, ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಗಾಯಾಳುವನ್ನು ಕ್ರೇನಿನಿಂದ ಪ್ಲಾಟ್‌ಫಾರ್ಮ್‌ಗೆ ಎತ್ತಿಸಲು ಹಡಗು ಹತ್ತಿರ ಬಂತು. ಗಾಳಿಮರೆಯ ಬದಿಯ ಕ್ರೇನ್ ಕೆಲಸ ಮಾಡುತ್ತಿರಲಿಲ್ಲ, ಆದ್ದರಿಂದ ಗಾಳಿ ಬಡಿಯುವ ಬದಿಗೇ ಹೋಗಬೇಕಾಯಿತು. ಹಡಗನ್ನು ನಿಂತಲ್ಲಿ ನಿಲ್ಲಿಸುವ ಯಂತ್ರದಲ್ಲೂ ತೊಂದರೆಯಿತ್ತು. ಅಲೆ ಎತ್ತಿದಾಗ ಹಡಗಿನ ಹೆಲಿಡೆಕ್ ರೈಸರ್‌ಗೆ ಬಡಿಯಿತು. ಕಡಲ ತಳದಿಂದ ಅನಿಲ ಹೊತ್ತು ಬರುವ ಪೈಪ್ ಅದು. ಅನಿಲ ಸೋರಿತು, ಬೆಂಕಿ ಹತ್ತಿತು. ಝಳಕ್ಕೆ ಹೆಚ್ಚಿನ ಲೈಫ್‌ಬೋಟ್‌ಗಳನ್ನು ಇಳಿಸಲಾಗಲಿಲ್ಲ. 22 ಜನ ಸತ್ತರು ಅಥವಾ ಸಿಗಲೇ ಇಲ್ಲ, 362 ಜನರನ್ನು ಕಾಪಾಡಿದರು. ಹಡಗಿನೊಳಗೆ ಒತ್ತಡದ ಕೋಣೆಯಲ್ಲಿದ್ದ ಆರು ಡೈವರ್‌ಗಳನ್ನು ಹೊರತೆಗೆದದ್ದು ಸುಮಾರು 36 ಗಂಟೆಗಳ ಮೇಲೆ.

ಕೈಗೆ ಗಾಯವಾದವನಿಗೆ ಚಿಕಿತ್ಸೆ ಕೊಡಿಸಲು ಹೊರಟ ಕ್ಯಾಪ್ಟನ್ ಮಾಡಿದ್ದು ಮನುಷ್ಯತ್ವದ ಕೆಲಸ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಅನಿಲ ತುಂಬಿದ ರೈಸರ್‌ಗಳು ಪ್ಲಾಟ್‌ಫಾರ್ಮ್‌ನ ಹೊರಮೈಯಲ್ಲಿ, ಹಡಗುಗಳು ಬಂದು ನಿಲ್ಲುವ ಬದಿಯಲ್ಲಿ ಏಕಿದ್ದವು? ಅವುಗಳ ರಕ್ಷಣೆಗೆ ಇದ್ದದ್ದು ಸಣ್ಣ ಸರಬರಾಜು ಹಡಗುಗಳ ಅಳತೆಯ ತಡೆ. ಸಮುದ್ರ ಸುರಕ್ಷಾದಂಥ ದೊಡ್ಡ ಹಡಗು ಬರುತ್ತದೆಂದು ಯಾರಾದರೂ ಲೆಕ್ಕ ಹಾಕಿದ್ದರೇ? ಪೈಪರ್ ಆಲ್ಫಾದಲ್ಲೂ ಎಲ್ಲವನ್ನೂ ಮುಗಿಸಿದ್ದು ಒಡೆದ ರೈಸರೇ. ಅದಾಗಿ ಹದಿನೇಳು ವರ್ಷ ಕಳೆದಿತ್ತು. ಭಾರತದಲ್ಲಿ ಕಡಲ ತೈಲ ಕೆಲಸದ ಸುರಕ್ಷತೆಗೆಂದೇ ಪ್ರತ್ಯೇಕ ನಿಯಮಗಳು ಜಾರಿಗೆ ಬಂದದ್ದು 2008ರಲ್ಲಿ. ಕಡಲ ತೈಲ ತೆಗೆಯಲು ಶುರುಮಾಡಿದ್ದು 1976ರಲ್ಲಿ.

ಆ ನಿಯಮಗಳನ್ನು ಪಾಲಿಸುವಂತೆ ನೋಡಿಕೊಳ್ಳಬೇಕಾದದ್ದು ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ. ಅದು ಪೆಟ್ರೋಲಿಯಂ ಸಚಿವಾಲಯದ ಕೈಕೆಳಗಿದೆ. ಒಎನ್‌ಜಿಸಿಯ ಆಡಳಿತವೂ ಅದೇ ಸಚಿವಾಲಯದ ಸುಪರ್ದಿಗೆ ಸೇರಿದ್ದು. ಉತ್ಪಾದನೆ ಹೆಚ್ಚಿಸಿ ಎಂದು ಒತ್ತಾಯಿಸುವ ಮತ್ತು ಅಪಾಯ ಕಂಡರೆ ಉತ್ಪಾದನೆ ನಿಲ್ಲಿಸಿ ಎನ್ನಬೇಕಾದ ಕಚೇರಿಗಳು ಒಬ್ಬನೇ ಮಂತ್ರಿಗೆ ಉತ್ತರ ಹೇಳುತ್ತವೆ. ನನ್ನ ಇಡೀ ವಾದದ ತಿರುಳು ಇಲ್ಲಿದೆ. ಅಲ್ಲಿರುವ ಅಧಿಕಾರಿಗಳ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಎಷ್ಟೇ ಪ್ರಾಮಾಣಿಕನಾದರೂ ಯಜಮಾನನ ಇನ್ನೊಬ್ಬ ಮಗನ ಅಂಗಡಿಗೆ ಬೀಗ ಹಾಕುವ ಕೆಲಸ ಯಾರಿಗೂ ಸುಲಭವಲ್ಲ.

ಬ್ರಿಟನ್ನಿನಲ್ಲಿ ಕೂಡ ಹೀಗೇ ಇತ್ತು. ತೈಲ ತೆಗೆಸುವ ಇಂಧನ ಇಲಾಖೆಯೇ ಸುರಕ್ಷತೆಯನ್ನೂ ನೋಡುತ್ತಿತ್ತು. ಕಲನ್ ವರದಿಯ ನಂತರ ಆ ಹೊಣೆಯನ್ನು ಕಿತ್ತು ಬೇರೆ ಸುರಕ್ಷತಾ ಸಂಸ್ಥೆಗೆ ಕೊಟ್ಟರು. ಅಮೆರಿಕದಲ್ಲಿ ತೈಲದ ರಾಯಧನ ವಸೂಲಿ ಮಾಡುವ ಕಚೇರಿಯೇ ರಿಗ್ ತಪಾಸಣೆಯನ್ನೂ ಮಾಡುತ್ತಿತ್ತು. 2010ರ ನಂತರ ಅದನ್ನು ಒಡೆದು ಬೇರೆಬೇರೆ ಮಾಡಿದರು. ನಾರ್ವೆ 2004ರಲ್ಲೇ ಸುರಕ್ಷತೆಗೆ ಬೇರೆ ಪ್ರಾಧಿಕಾರ ಮಾಡಿಕೊಂಡಿತು. ಆ ದೇಶಕ್ಕೆ ತನ್ನದೇ ಗಾಯವಿತ್ತು. 1980ರ ಮಾರ್ಚ್ 27ರಂದು ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ತೇಲು ವಸತಿ ಮಗುಚಿ 123 ಜನ ಸತ್ತರು, ಒಂದು ಸಣ್ಣ ಉಪಕರಣ ಕೂರಿಸಲು ಹಾಕಿದ ಬೆಸುಗೆಯಲ್ಲಿ ಹುಟ್ಟಿದ ಬಿರುಕಿನಿಂದ. ಅಂದೂ ಕಡಲು ರೊಚ್ಚಿಗೆದ್ದಿತ್ತು. ಆದರೆ ಬಿರುಕು ಅಲೆಗಿಂತ ಮೊದಲೇ ಅಲ್ಲಿತ್ತು.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ, ಅದನ್ನು ಹೇಳುವವರು ಕೆಟ್ಟವರಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ, ನಮ್ಮ ಕಡಲಲ್ಲಿ ಸಿಗುವಷ್ಟನ್ನಾದರೂ ತೆಗೆಯಬೇಕು, ನಿಯಮ ಬಿಗಿಮಾಡಿದರೆ ಖರ್ಚು ಏರುತ್ತದೆ, ಸ್ವಲ್ಪ ಅಪಾಯ ಸಹಿಸಲೇಬೇಕು ಎನ್ನುತ್ತಾರೆ. ತೈಲ ಬೇಕು, ಒಪ್ಪುತ್ತೇನೆ. ನನ್ನ ಮನೆಯ ಗ್ಯಾಸ್ ಒಲೆಯೂ ಆ ಲೆಕ್ಕದಲ್ಲಿದೆ. ಆದರೆ ಆ ಅಪಾಯವನ್ನು ಸಹಿಸುತ್ತಿರುವವರು ಯಾರು? ಪಿ-305ರ ಲೆಕ್ಕ ನೋಡಿ. ಕೆಲಸ ಒಎನ್‌ಜಿಸಿಯದು, ಗುತ್ತಿಗೆ ಅಫ್ಕಾನ್ಸ್ ಎಂಬ ಕಂಪನಿಯದು, ಬಾರ್ಜ್ ಇನ್ನೊಂದು ಕಂಪನಿಯದು, ಕೂಲಿಯವರಲ್ಲಿ ಬಹಳಷ್ಟು ಜನ ಅದರ ಕೆಳಗಿನ ಉಪಗುತ್ತಿಗೆಯವರು. ಹೊಣೆ ಒಂದೊಂದು ಮೆಟ್ಟಿಲು ಇಳಿದಂತೆ ತೆಳುವಾಗುತ್ತಾ ಹೋಯಿತು, ಅಪಾಯ ದಪ್ಪವಾಗುತ್ತಾ ಹೋಯಿತು. ತೂತುಬಿದ್ದ ಲೈಫ್‌ರಾಫ್ಟ್‌ಗಳ ಬಗ್ಗೆ ಬದುಕಿ ಬಂದವರು ಹೇಳಿದರು. ಬಾರ್ಜ್ ಬಂದರಿಗೆ ಹೋಗಲಿ ಎಂದು ಗಟ್ಟಿಯಾಗಿ ಹೇಳುವ ಹಕ್ಕು ಅವರಲ್ಲಿ ಯಾರಿಗಿತ್ತು? ನಾಳೆಯಿಂದ ಬರಬೇಡ ಎಂದರೆ ಊರಿನ ಸಾಲ ತೀರುವುದಿಲ್ಲ ಎಂಬ ಭಯವಿರುವವನು ಬಾಯಿ ಬಿಡುವುದು ಹೇಗೆ?

ನಾರ್ವೆಯಲ್ಲಿ ಕಾರ್ಮಿಕರು ತಾವೇ ಆರಿಸಿದ ಸುರಕ್ಷತಾ ಪ್ರತಿನಿಧಿಗೆ, ಜೀವಕ್ಕೆ ಅಪಾಯ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರವನ್ನು ಕಾನೂನೇ ಕೊಟ್ಟಿದೆ. ಆ ದೇಶ ಅದರಿಂದ ತೈಲ ತೆಗೆಯುವುದನ್ನು ಬಿಟ್ಟಿಲ್ಲ, ಬಡವಾಗಿಯೂ ಇಲ್ಲ. ಅಲ್ಲಿ ಲೋಪವೇ ಇಲ್ಲವೆಂದಲ್ಲ. ಖರ್ಚಿನ ನೆಪ ಹೇಳುವವರು ಮೊದಲು ಆ ದೇಶದ ಕಡೆ ನೋಡಲಿ.

ಆದ್ದರಿಂದ ನಮ್ಮ ಸಂಸದರಲ್ಲಿ, ಅದರಲ್ಲೂ ಕರಾವಳಿಯಿಂದ ಆರಿಸಿ ಹೋದವರಲ್ಲಿ, ನನ್ನ ಕೋರಿಕೆ ಮೂರೇ. ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯವನ್ನು ಪೆಟ್ರೋಲಿಯಂ ಸಚಿವಾಲಯದಿಂದ ಬಿಡಿಸಿ ಸಂಸತ್ತಿಗೆ ನೇರವಾಗಿ ಉತ್ತರ ಹೇಳುವ ಸಂಸ್ಥೆಯನ್ನಾಗಿ ಮಾಡಿ. ಕಡಲ ದುರಂತದ ಪ್ರತಿ ತನಿಖಾ ವರದಿಯೂ, ಕಲನ್ ವರದಿಯಂತೆ, ಸತ್ತವರ ಮನೆಯವರು ಪೂರ್ತಿಯಾಗಿ ಓದುವಂತೆ ಪ್ರಕಟವಾಗಲಿ. ಚಂಡಮಾರುತದ ಎಚ್ಚರಿಕೆ ಬಂದ ದಿನ, ಉಪಗುತ್ತಿಗೆಯ ಕಡೆಯ ಮೆಟ್ಟಿಲಲ್ಲಿರುವ ವೆಲ್ಡರನಿಗೂ, ನಾನು ಇಲ್ಲಿ ಇರುವುದಿಲ್ಲ, ದಡಕ್ಕೆ ಕರೆದೊಯ್ಯಿರಿ ಎಂದು ಹೇಳುವ ಮತ್ತು ಹಾಗೆ ಹೇಳಿದ ದಿನದ ಕೂಲಿಯನ್ನೂ ಪಡೆಯುವ ಹಕ್ಕನ್ನು ಕಾನೂನಿನಲ್ಲಿ ಬರೆಯಿರಿ.